ಇಳಿಜಾರಿಲ್ಲದ ದಾರಿ

ಸಮತಟ್ಟಾದ ನೆಲದಲ್ಲಿ ಸೈಕಲ್ ತುಳಿಯುವುದು ಬಲು ಸುಲಭವೆಂದು ಭಾವಿಸುವವರು ಅಂಥ ನೆಲದಲ್ಲಿ ಸೈಕಲ್ ತುಳಿದವರಲ್ಲ. ಗುಡ್ಡಗಾಡಿನ ಸವಾರನಿಗೆ ಪ್ರಕೃತಿ ಒಂದು ನ್ಯಾಯವನ್ನು ಇಟ್ಟಿದೆ. ಏರಿನಲ್ಲಿ ಅವನು ಎಷ್ಟು ಏದುಸಿರು ಬಿಟ್ಟನೋ ಅಷ್ಟಕ್ಕೂ ಇಳಿವಿನಲ್ಲಿ ಪರಿಹಾರ ಸಿಗುತ್ತದೆ. ಕಾಲನ್ನು ಪೆಡಲಿನ ಮೇಲೆ ಸುಮ್ಮನೆ ಇಟ್ಟು, ಗಾಳಿಗೆ ಮುಖವೊಡ್ಡಿ, ಈ ವೇಗಕ್ಕೆಲ್ಲ ತಾನೇ ಕರ್ತೃವೆಂಬ ಸುಖಭ್ರಮೆಯಲ್ಲಿ ತೇಲಬಹುದು. ಬಯಲಿನ ಸವಾರನಿಗೆ ಈ ಪುಣ್ಯವಿಲ್ಲ. ಏರೇ ಇಲ್ಲದ ಮೇಲೆ ಇಳಿವೆಲ್ಲಿಂದ ಬರಬೇಕು? ಮನೆ ಬಿಟ್ಟ ಗಳಿಗೆಯಿಂದ ಮನೆ ಸೇರುವ ಗಳಿಗೆಯವರೆಗೆ ಅವನು ತುಳಿಯುತ್ತಲೇ ಇರಬೇಕು. ಅವನು ನಿಲ್ಲಿಸಿದರೆ ಸೈಕಲ್ಲೂ ಮರ್ಯಾದೆಯಾಗಿ ನಿಲ್ಲುತ್ತದೆ.

ಈ ತತ್ತ್ವ ನನಗೆ ಹೊಳೆದದ್ದು ನಲವತ್ತು ದಾಟಿದ ಮೇಲೆ, ನ್ಯೂಜಿಲೆಂಡಿನ ಕ್ಯಾಂಟರ್ಬರಿ ಬಯಲಿನಲ್ಲಿ. ನಾನು ಮೈಸೂರಿನವನು. ಕಾಲೇಜಿನ ದಿನಗಳಲ್ಲಿ ಚಾಮುಂಡಿ ಬೆಟ್ಟಕ್ಕೆ ಸೈಕಲ್ಲನ್ನು ತಳ್ಳಿಕೊಂಡು ಹತ್ತಿ, ಒಂದು ಕೈಯನ್ನು ಬ್ರೇಕಿನ ಮೇಲೂ ಉಳಿದ ಭಾರವನ್ನೆಲ್ಲ ದೇವಿಯ ಮೇಲೂ ಹಾಕಿ ಇಳಿಯುತ್ತಿದ್ದವನು. ಓದಲೆಂದು ಕ್ರೈಸ್ಟ್‌ಚರ್ಚಿಗೆ ಬಂದೆ, ಓದು ಮುಗಿದರೂ ಉಳಿದೆ. ಈಗ ನಗರದ ಪಶ್ಚಿಮದಂಚಿನ ಹಾರ್ನ್‌ಬಿಯಲ್ಲಿ, ತರಕಾರಿಗಳನ್ನು ಹೆಪ್ಪುಗಟ್ಟಿಸಿ ಚೀಲಕ್ಕೆ ತುಂಬುವ ಕಾರ್ಖಾನೆಯೊಂದರ ಪರೀಕ್ಷಾಲಯದಲ್ಲಿ ಬಟಾಣಿಯ ಗುಣದೋಷಗಳನ್ನು ವಿಮರ್ಶಿಸುವ ಉದ್ಯೋಗ ನನ್ನದು. ವಿಮರ್ಶಕನ ಕುರ್ಚಿ ಯಾವುದಾದರೇನು, ಕುಳಿತವನ ಮೈ ಬೆಳೆಯುವುದು ತಪ್ಪುವುದಿಲ್ಲ. ನಾನು ಷೂ ಲೇಸು ಕಟ್ಟುವಾಗ ಬಿಡುವ ಉಸಿರು ಪಕ್ಕದ ಕೋಣೆಗೆ ಕೇಳಿಸುತ್ತದೆಂದು ಹೆಂಡತಿ ರೂಪಾ ಒಂದು ದಿನ ಹೇಳಿದಳು. ಅದೇ ವಾರ ಇಮ್ತಿಯಾಜ್ ನನ್ನ ಮನೆಯ ಮುಂದೆ ಕಿತ್ತಳೆ ಬಣ್ಣದ ಅಂಗಿ ತೊಟ್ಟು, ಸೂಜಿಯಂಥ ಸೈಕಲ್ಲೊಂದರ ಮೇಲೆ ಪ್ರತ್ಯಕ್ಷನಾದ.

ಇಮ್ತಿಯಾಜ್ ಹುಬ್ಬಳ್ಳಿಯವನು. ವಿದ್ಯಾರ್ಥಿಗಳಾಗಿದ್ದಾಗ ನಾವಿಬ್ಬರೂ ಫ್ಲಾಟ್‌ಮೇಟುಗಳು; ಒಂದೇ ಹೀಟರಿನ ಮುಂದೆ ಇಬ್ಬರ ಕಾಲುಗಳನ್ನೂ ಕಾಯಿಸಿಕೊಂಡು ಎರಡು ಚಳಿಗಾಲ ಕಳೆದವರು. ನಾನು ಸಂಬಳಕ್ಕೆ ಸೇರಿದೆ. ವ್ಯಾಪಾರ ರಕ್ತದಲ್ಲೇ ಇದ್ದ ಅವನು ಹಾರ್ನ್‌ಬಿಯಲ್ಲೇ ನೆಲಹಾಸಿನ ಟೈಲ್ಸ್ ಅಂಗಡಿ ತೆರೆದ. ಗದಗಿನ ಶಬಾನಾಳನ್ನು ಮದುವೆಯಾಗಿ ಬಂದ; ಜೋಯಾ ಹುಟ್ಟಿದಳು. ಮನೆಯೊಳಗೆ ಅವರ ಮಾತು ಉರ್ದು, ನಾವು ಹೋದರೆ ಕನ್ನಡ. ಜೋಯಾ ಎರಡನ್ನೂ ಅರ್ಥಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು.

“ಏ ಮೂರ್ತಿ, ಡಾಕ್ಟರ್ ನನಗ ಸಕ್ಕರಿ ಬಿಡು ಅಂದಾನ, ಇಲ್ಲಾ ಸೈಕಲ್ ಹೊಡಿ ಅಂದಾನ. ಸಕ್ಕರಿ ಬಿಡಾಕ ಆಗಂಗಿಲ್ಲ. ನೀನೂ ಬಾ” ಎಂದ ಇಮ್ತಿಯಾಜ್.

ಹೀಗೆ ನಾವಿಬ್ಬರೂ ದ್ವಿಚಕ್ರವರ್ತಿಗಳಾದೆವು. ಚಕ್ರವರ್ತಿಗೆ ಕಿರೀಟ ಬೇಕು, ಹೆಲ್ಮೆಟ್ ಕೊಂಡೆ. ಪೀತಾಂಬರ ಬೇಕು, ಹಳದಿ ಅಂಗಿ ಕೊಂಡೆ. ಆಮೇಲೆ ಆ ಚಡ್ಡಿ. ಸೈಕಲ್ ಸವಾರರ ಆ ಕಪ್ಪು ಬಿಗಿಚಡ್ಡಿಯ ವಿಷಯದಲ್ಲಿ ಹೆಚ್ಚು ಹೇಳದಿರುವುದೇ ಸಭ್ಯತೆ. ಅದನ್ನು ಮೊದಲ ಸಲ ತೊಟ್ಟು ಹೊರಬಂದಾಗ ರೂಪಾ ನನ್ನನ್ನು ನೋಡದೆ ಗೋಡೆಯ ಗಡಿಯಾರವನ್ನು ನೋಡುತ್ತ, “ಬೇಗ ಹೊರಡಿ, ಬೀದೀಲಿ ಜನ ಏಳೋ ಮುಂಚೆ” ಎಂದಳೆಂಬುದಷ್ಟು ಸಾಕು.

ಅಂದಿನಿಂದ ಶನಿವಾರವೆಂದರೆ ಸೈಕಲ್. ಇಮ್ತಿಯಾಜ್ ಮುಂಜಾನೆಯ ನಮಾಜು ಮುಗಿಸಿ ಬರುತ್ತಿದ್ದ, ನಾನು ಕಾಫಿ ಮುಗಿಸಿ ಕಾಯುತ್ತಿದ್ದೆ. ಗೋದಾಮುಗಳ ಸಾಲು ದಾಟಿ, ವೆಸ್ಟ್ ಮೆಲ್ಟನ್ ಕಳೆದರೆ ಬಯಲು ಶುರು. ರಸ್ತೆಗಳನ್ನು ಸ್ಕೇಲ್ ಇಟ್ಟು ಎಳೆದಂತಿದೆ. ಎಡಕ್ಕೆ ಗೋಧಿ, ಬಲಕ್ಕೆ ಬಟಾಣಿ, ಮುಂದೆ ಹಸುಗಳು, ಇನ್ನೂ ಮುಂದೆ ಕುರಿಗಳು. ಹೊಲಗಳ ಅಂಚಿಗೆ ಗಾಳಿ ತಡೆಯಲು ನೆಟ್ಟು ಗೋಡೆಯಂತೆ ಕತ್ತರಿಸಿದ ಮರಗಳ ಸಾಲು. ಎಲ್ಲದರ ಹಿಂದೆ, ಎಷ್ಟು ತುಳಿದರೂ ಹತ್ತಿರವಾಗದ ಹಿಮದ ಬೆಟ್ಟಗಳು. ಮನುಷ್ಯರು ಕಾಣುವುದು ಅಪರೂಪ. ಎದುರಿಗೆ ಯೂಟ್ ಎಂಬ ಹಿಂಬದಿ ತೆರೆದ ಗಾಡಿ ಓಡಿಸಿಕೊಂಡು ಬರುವ ರೈತ ಸ್ಟಿಯರಿಂಗಿನಿಂದ ಕೈ ತೆಗೆಯದೆ ತೋರುಬೆರಳೊಂದನ್ನು ಎತ್ತುತ್ತಾನೆ. ಮೊದಮೊದಲು ಅದು ನಮಗೆ ಕೊಟ್ಟ ಎಚ್ಚರಿಕೆಯೆಂದು ತಿಳಿದು ನಾವು ಹುಲ್ಲಿನ ಅಂಚಿಗೆ ಸರಿಯುತ್ತಿದ್ದೆವು. ಅದು ಇಲ್ಲಿನ ನಮಸ್ಕಾರವೆಂದು ತಿಳಿಯಲು ಬಹಳ ದಿನ ಹಿಡಿಯಿತು.

ಆದರೆ ಅಲ್ಲಿ ಗಾಳಿಯಿದೆ. ನಮ್ಮ ಹಿರಿಯರು ಎಂಟು ದಿಕ್ಕುಗಳಲ್ಲಿ ಒಂದನ್ನು ವಾಯುವಿಗೆ ಬಿಟ್ಟುಕೊಟ್ಟು ವಾಯವ್ಯವೆಂದು ಕರೆದರಲ್ಲ, ಅವರಿಗೆ ಕ್ಯಾಂಟರ್ಬರಿಯ ಪರಿಚಯವಿದ್ದಿರಲೇಬೇಕು. ಇಲ್ಲಿನ ಕುಖ್ಯಾತ ಬಿಸಿಗಾಳಿ ಬೀಸುವುದು ಸರಿಯಾಗಿ ಆ ದಿಕ್ಕಿನಿಂದಲೇ. ಅದು ಎದ್ದ ದಿನ ಹೋಗುವಾಗ ನಾವು ತುಳಿದಲ್ಲೇ ತುಳಿಯುತ್ತಿದ್ದೆವು. ಇಮ್ತಿಯಾಜ್ ಮುಂದೆ, ನಾನು ಹಿಂದೆ. ವಯಸ್ಸಿನಲ್ಲಿ ನಾನು ತುಸು ಹಿರಿಯನಾದ್ದರಿಂದ ಅವನು ಮುಂದೆ ಹೋಗುವುದು ಮರ್ಯಾದೆಯಲ್ಲವೆಂದು ಅವನೂ, ಪರವಾಗಿಲ್ಲವೆಂದು ನಾನೂ ಒಂದೆರಡು ಸಲ ಉಪಚಾರದ ಮಾತಾಡಿ, ಕೊನೆಗೆ ಆ ವ್ಯವಸ್ಥೆಯೇ ಖಾಯಮ್ಮಾಯಿತು. ರಸ್ತೆಗಳ ನಿಜವಾದ ಹೆಸರುಗಳನ್ನು ನಾವು ಓದಲೇ ಇಲ್ಲ. ಅವಕ್ಕೆ ಇಮ್ತಿಯಾಜ್ ತಾನೇ ನಾಮಕರಣ ಮಾಡಿದ್ದ. ನಾಯಿ ಅಟ್ಟಿಸಿಕೊಂಡು ಬಂದದ್ದು ನಾಯಿ ರಸ್ತೆ. ಮ್ಯಾಗ್‌ಪೈ ಎಂಬ ಕಪ್ಪುಬಿಳಿ ಹಕ್ಕಿ ಮೇಲಿಂದ ಎರಗಿ ನನ್ನ ಹೆಲ್ಮೆಟ್ಟಿಗೆ ಕುಕ್ಕಿದ್ದು ಮೂರ್ತಿ ರಸ್ತೆ. ಇನ್ನೆರಡು ಗಾಳಿ ರಸ್ತೆಗಳು, ಮೊದಲನೆಯದು ಮತ್ತು ಎರಡನೆಯದು.

ಅದು ಬೇಸಿಗೆಯ ನಡುವಿನ ಒಂದು ಶನಿವಾರ. ಗಾಳಿಯಿಲ್ಲ, ಅಂಥ ದಿನ ವರ್ಷಕ್ಕೆ ಕೆಲವೇ. ಎರಡನೆಯ ಗಾಳಿ ರಸ್ತೆಯ ಇಕ್ಕೆಲದಲ್ಲೂ ಬೀಜಕ್ಕೆ ಬಿಟ್ಟ ಕ್ಲೋವರ್ ಎಂಬ ಮೇವಿನ ಬೆಳೆಯ ಹೊಲ ಬಿಳಿ ಹೂವಾಗಿ ನಿಂತಿತ್ತು, ಬೇಲಿಯುದ್ದಕ್ಕೂ ಜೇನುಪೆಟ್ಟಿಗೆಗಳು. ಕರ್ವಿ ಎಂಬ ಊರಿನ ಬೇಕರಿಯವರೆಗೆ ಹೋಗಿ ಮರಳುವುದೆಂದು ನಮ್ಮ ಯೋಜನೆ. ಉತ್ತರ ಭಾರತದ ಯಾವುದೋ ಊರಿನ ಹೆಸರನ್ನೇ ಹೊತ್ತ ಆ ಊರಿಗೆ ಹೋಗಿಬರುವುದು ಸ್ವದೇಶಯಾತ್ರೆಗೆ ಸಮವೆಂದು ಇಮ್ತಿಯಾಜ್ ವಾದಿಸುತ್ತಿದ್ದ. ಸೆಖೆಗೆ ಅವನು ಅಂಗಿಯ ಜಿಪ್ಪನ್ನು ಎದೆಯವರೆಗೆ ಇಳಿಸಿದ್ದ. ಒಮ್ಮೆಲೇ ಕುತ್ತಿಗೆಗೆ ಹೊಡೆದುಕೊಂಡು ಸೈಕಲ್ ನಿಲ್ಲಿಸಿದ.

“ಜೇನು” ಎಂದ. “ಅಂಗಿಯಾಗ ಹೊಕ್ಕೊಂಡು ಕಚ್ಚಿತು.” ನಗುತ್ತಲೇ ಮುಳ್ಳನ್ನು ಉಗುರಿನಿಂದ ಕೆರೆದು ತೆಗೆದ. ಚಿಕ್ಕಂದಿನಲ್ಲಿ ಎಷ್ಟೋ ಸಲ ಕಚ್ಚಿಸಿಕೊಂಡಿದ್ದೇನೆ ಎಂದ. ನಾವು ಮತ್ತೆ ಹೊರಟೆವು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವನು ಅಂಗೈಗಳನ್ನು ಹ್ಯಾಂಡಲಿಗೆ ಉಜ್ಜತೊಡಗಿದ. ಆಮೇಲೆ ಸೈಕಲ್ ಅತ್ತಿತ್ತ ತೂಗಿತು. ಅವನು ಇಳಿದು, ಅಲ್ಲ, ಜಾರಿ, ಹುಲ್ಲಿನ ಮೇಲೆ ಕುಳಿತ. ನಾನು ಹತ್ತಿರ ಹೋಗಿ ನೋಡಿದರೆ ನನ್ನ ಗೆಳೆಯನ ಮುಖ ಅಲ್ಲಿರಲಿಲ್ಲ. ತುಟಿ ಊದಿತ್ತು, ರೆಪ್ಪೆಗಳು ಊದಿದ್ದವು, ಕುತ್ತಿಗೆಯೆಲ್ಲ ಕೆಂಪು ಗಾದರಿ.

“ಗಂಟಲಾ ಬಿಗ್ಯಾಕತ್ತೈತಿ” ಎಂದ. ಆ ದನಿ ಬೇರೆ ಯಾರದೋ ಆಗಿತ್ತು.

ನಾನು ತುರ್ತು ಸೇವೆಗೆ ಫೋನ್ ಮಾಡಿದೆ. ಅತ್ತಲಿನ ಹೆಣ್ಣುದನಿ ಶಾಂತವಾಗಿ ಕೇಳಿತು: ನೀವು ಎಲ್ಲಿದ್ದೀರಿ? ಹೇಳಲು ನಾಚಿಕೆಯಾಗುತ್ತದೆ, ಆ ಕ್ಷಣ ನನ್ನ ನಾಲಗೆಯ ತುದಿಗೆ ಬಂದದ್ದು ‘ಸರಸ್ವತೀಪುರಂ, ಈಜುಕೊಳದ ಹತ್ತಿರ’ ಎಂಬ ನಮ್ಮ ಮೈಸೂರಿನ ಮನೆಯ ವಿಳಾಸ. ಅದನ್ನು ನುಂಗಿಕೊಂಡು, ವೆಸ್ಟ್ ಮೆಲ್ಟನ್ನಿಗೂ ಕರ್ವಿಗೂ ನಡುವೆ ಎಂದೆ. ಯಾವ ರಸ್ತೆ? ಎರಡನೆಯ ಗಾಳಿ ರಸ್ತೆ ಎಂದು ಆಕೆಗೆ ಹೇಳುವುದು ಹೇಗೆ? ಸುತ್ತ ನೋಡಿದೆ. ಹೊಲ, ಬೇಲಿ, ಆಕಾಶ. ಮತ್ತೊಂದು ಕಡೆ ನೋಡಿದೆ. ಹೊಲ, ಬೇಲಿ, ಆಕಾಶ. ಫೋನಿನ ಜಾಡು ಹುಡುಕುತ್ತಿದ್ದೇನೆ, ಲೈನಿನಲ್ಲೇ ಇರಿ, ಅವರನ್ನು ಮಲಗಿಸಿ ಎಂದಳು ಆಕೆ.

ಮಲಗಿಸಿದೆ. ಇಮ್ತಿಯಾಜನ ತುಟಿ ಅಲುಗುತ್ತಿತ್ತು, ಪ್ರಾರ್ಥನೆಯೆಂದು ತಿಳಿಯಿತು. ಅದು ಮುಗಿದ ಮೇಲೆ ನನ್ನ ಕೈಹಿಡಿದು, ಒಂದೊಂದೇ ಮಾತನ್ನು ಎಳೆದು ಹೊರಗೆ ತಂದ.

“ಶಬಾನಾಗ ಫೋನಿನ್ಯಾಗ ಹೇಳಬ್ಯಾಡ. ಎದುರಿಗಿ ಹೋಗಿ ಹೇಳು.”

“ನೀನೇ ಹೇಳ್ತೀಯ, ಸುಮ್ನಿರು” ಎಂದೆ. ಮೈಸೂರಿನವರ ಮಾತು ಮೃದುವೆನ್ನುತ್ತಾರೆ. ಅಂದು ನನಗೆ ನನ್ನ ಮಾತು ಒದ್ದೆ ಕಾಗದದಂತೆ ಕೇಳಿಸಿತು.

ಆಗ ಹೊಲದ ಆಚೆಯಿಂದ ಧೂಳೆದ್ದಿತು. ಯೂಟೊಂದು ಹೊಲದ ನಡುವಿನ ದಾರಿಯಲ್ಲಿ ನೇರ ನಮ್ಮತ್ತ ಬರುತ್ತಿತ್ತು. ಬೇಲಿಯ ಗೇಟನ್ನು ತೆರೆದವಳು ಅರವತ್ತು ದಾಟಿದ ಒಬ್ಬ ಹೆಂಗಸು, ಕಾಲಿಗೆ ರಬ್ಬರ್ ಬೂಟು, ಹೆಗಲ ಮೇಲೆ ಪಾತ್ರೆ ಒರೆಸುವ ಬಟ್ಟೆ. ಅವಳ ಹೆಸರು ಹೆಲೆನ್ ಎಂದು ನನಗೆ ತಿಳಿದದ್ದು ಆಮೇಲೆ. ಅವಳು ಇಮ್ತಿಯಾಜನ ಮುಖವನ್ನೂ ಜೇನುಪೆಟ್ಟಿಗೆಗಳನ್ನೂ ಒಮ್ಮೆ ನೋಡಿದಳು.

“ಜೇನಾ?” ಎಂದಳು. ನಾನು ತಲೆಯಾಡಿಸಿದೆ. ನನ್ನ ಕೈಯಿಂದ ಫೋನ್ ತೆಗೆದುಕೊಂಡು ರಸ್ತೆಯ ಹೆಸರು, ಮನೆಯ ಸಂಖ್ಯೆ, ಯಾವ ಗೇಟು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಆಮೇಲೆ ಯೂಟಿನ ಡ್ಯಾಷ್‌ಬೋರ್ಡಿನಿಂದ ಪೆನ್ನಿನಂಥದೊಂದನ್ನು ತಂದಳು. ಅವಳ ಜೊತೆಗೇ ಬೇಸಾಯ ಮಾಡುವ ತಮ್ಮನಿಗೆ ಕಣಜ ಕಚ್ಚಿದರೆ ಹೀಗೆಯೇ ಆಗುತ್ತದಂತೆ. ಅದಕ್ಕೆ ಈ ಚುಚ್ಚುಮದ್ದು ಯಾವಾಗಲೂ ಗಾಡಿಯಲ್ಲಿರುತ್ತದೆ. ಇದನ್ನು ಕೊಡಲೇ ಎಂದು ಫೋನಿನವಳನ್ನು ಕೇಳಿದಳು. ಕೊಡಿ, ಈಗಲೇ ಕೊಡಿ ಎಂದಿತು ಫೋನು. ಹೆಲೆನ್ ಅದನ್ನು ಇಮ್ತಿಯಾಜನ ತೊಡೆಗೆ, ಆ ಬಿಗಿಚಡ್ಡಿಯ ಮೇಲಿಂದಲೇ, ಒತ್ತಿ ಹಿಡಿದಳು.

ಕಾಯುವುದೊಂದೇ ಉಳಿಯಿತು. ಕ್ಲೋವರಿನಲ್ಲಿ ಜೇನುಗಳು ಏನೂ ಆಗಿಲ್ಲವೆಂಬಂತೆ ಗುಂಯ್‌ಗುಡುತ್ತಿದ್ದವು. ನಾನು ಅವನ ಕಾಲುಗಳನ್ನು ನನ್ನ ತೊಡೆಯ ಮೇಲೆತ್ತಿ ಇಟ್ಟುಕೊಂಡು ಕುಳಿತಿದ್ದೆ. ಆ ಕಾಲುಗಳು ಗಡಗಡ ನಡುಗತೊಡಗಿದಾಗ ಹೆದರಿದೆ. ಅದು ಮದ್ದಿನ ನಡುಕ, ಒಳ್ಳೆಯದೇ ಎಂದಳು ಹೆಲೆನ್. ನಿಧಾನವಾಗಿ ಅವನ ಉಸಿರಿನ ಶಿಳ್ಳೆ ತಗ್ಗಿತು. ಎದ್ದು ಕೂರಲು ಹೊರಟ. ಹೆಲೆನ್ ಅವನ ಎದೆಯ ಮೇಲೆ ಕೈಯಿಟ್ಟು, “ನೀನು ಎಲ್ಲಿಗೂ ಹೋಗುತ್ತಿಲ್ಲ, ಮೇಟ್” ಎಂದಳು. ಅವನು ಮಲಗಿದಲ್ಲಿಂದಲೇ ಕತ್ತು ಹೊರಳಿಸಿ, “ಸೈಕಲ್ ಎಲ್ಲೈತಿ?” ಎಂದು ಕೇಳಿದ. ನಾನು ನಕ್ಕೆ. ನಗು ನಿಲ್ಲದೆ, ಮೋರೆಯನ್ನು ಆಚೆ ತಿರುಗಿಸಿಕೊಳ್ಳಬೇಕಾಯಿತು.

ಆಂಬುಲೆನ್ಸ್ ಬರುವ ಸದ್ದು ಕೇಳಿಸುವ ಮೊದಲೇ, ಬಯಲಿನ ಅಂಚಿನಲ್ಲಿ ಅದರ ದೀಪ ಕಂಡಿತು. ಅದರ ಸಿಬ್ಬಂದಿ ಅವನನ್ನು ಹತ್ತಿಸಿಕೊಳ್ಳುತ್ತಿರುವಾಗ ನಾನು ರೂಪಾಳಿಗೆ ಫೋನ್ ಮಾಡಿದೆ. ಶಬಾನಾಗೆ ಎದುರಿಗೇ ಹೇಳಬೇಕೆಂದು ಅವನು ಕೇಳಿಕೊಂಡಿದ್ದಾನೆ ಎಂದೆ. ರೂಪಾ ಒಂದೂ ಪ್ರಶ್ನೆ ಕೇಳದೆ ಕಾರು ತೆಗೆದಳು. ಆಮೇಲೆ ಶಬಾನಾ ಹೇಳಿದ್ದು: ಬಾಗಿಲು ತೆರೆದಾಗ ರೂಪಾ ಮೊದಲು ‘ಬದುಕಿದ್ದಾರೆ’ ಎಂದಳಂತೆ, ಆಮೇಲೆ ಉಳಿದದ್ದನ್ನು. ನಾನಾಗಿದ್ದರೆ ಕ್ಲೋವರ್ ಹೂವಿನ ವರ್ಣನೆಯಿಂದ ಶುರುಮಾಡುತ್ತಿದ್ದೆ.

ಆಸ್ಪತ್ರೆಯ ಹೊಳೆಯುವ ಕಾರಿಡಾರಿನಲ್ಲಿ, ಹಳದಿ ಅಂಗಿ ಮತ್ತು ಆ ಚಡ್ಡಿಯಲ್ಲಿ, ಅಡಿಯಲ್ಲಿ ಪೆಡಲಿಗೆ ಸಿಕ್ಕಿಸುವ ಕೊಂಡಿಯಿದ್ದ ಷೂಗಳನ್ನು ಟಕಟಕ ಸದ್ದು ಮಾಡಿಸುತ್ತ ನಾನು ಅಡ್ಡಾಡುತ್ತಿದ್ದುದನ್ನು ನೆನೆದರೆ ಈಗಲೂ ಮೈ ಕುಗ್ಗುತ್ತದೆ. ಶಬಾನಾ, ಜೋಯಾ, ರೂಪಾ ಮೂವರೂ ಬಂದರು. ಹಾಸಿಗೆಯ ಮೇಲಿದ್ದ ಅಪ್ಪನನ್ನು ನೋಡಿ ಜೋಯಾ, “ಡ್ಯಾಡ್, ಯು ಲುಕ್ ಲೈಕ್ ಎ ಫ್ರಾಗ್” ಎಂದಳು; ಹಾಗೆಂದವಳೇ ಅವನ ಹೊಟ್ಟೆಯ ಮೇಲೆ ಮುಖವಿಟ್ಟು ಅತ್ತಳು. ಶಬಾನಾ ಅಳಲಿಲ್ಲ. ಗಂಡನ ಕಾಲಿನ ಮೇಲೆ ಹೊದಿಕೆ ಸರಿಮಾಡಿ, ನನ್ನ ಕಡೆ ತಿರುಗಿ, “ಅಣ್ಣಾರ, ಹೆಲ್ಮೆಟ್ ತಗೀರಿ” ಎಂದಳು. ಅದು ನನ್ನ ತಲೆಯ ಮೇಲೇ ಇದ್ದುದು ಆಗ ಗೊತ್ತಾಯಿತು. ನಾನು ತೆಗೆದ ಮೇಲೆ ಅವಳು ಅಷ್ಟೇ ಮೆಲ್ಲಗೆ, “ಇನ್ಮ್ಯಾಲೆ ನಮ್ಮ ಮನ್ಯಾಗ ಸೈಕಲ್ ಮಾತು ಬ್ಯಾಡ” ಎಂದಳು.

ಬೇಡವೆಂದರೆ ಬೇಡ. ಇಮ್ತಿಯಾಜನ ಸೈಕಲ್ ಗ್ಯಾರೇಜಿನ ಗೋಡೆಗೆ ನೇತಾಡಿತು. ನಾನು ಕೆಲವು ವಾರ ಒಬ್ಬನೇ ಹೋದೆ. ಆಗ ನನಗೊಂದು ಸತ್ಯ ತಿಳಿಯಿತು. ಇಷ್ಟು ಕಾಲ ನನ್ನ ವೇಗವೆಂದು ನಾನು ಹೆಮ್ಮೆಪಟ್ಟದ್ದರಲ್ಲಿ ಅರ್ಧ ಇಮ್ತಿಯಾಜನ ಬೆನ್ನಾಗಿತ್ತು. ಆ ಅಗಲ ಬೆನ್ನು ವಾಯವ್ಯದ ಗಾಳಿಯನ್ನೆಲ್ಲ ತಾನು ತಿಂದು ನನಗೆ ನೆರಳಿನಂಥ ನಿರ್ವಾತವನ್ನು ಬಿಟ್ಟುಕೊಡುತ್ತಿತ್ತು. ಅದು ಇಲ್ಲದಾಗ ಗಾಳಿ ನೇರ ನನ್ನ ಎದೆಗೆ ಬಂದು, ಇಷ್ಟು ದಿನ ಎಲ್ಲಿದ್ದೆ ಎಂದು ಕೇಳಿತು. ಮೂರ್ತಿ ರಸ್ತೆಯಿಂದಲೇ ಹಿಂದಿರುಗಿದೆ. ಆಮೇಲೆ ಹೋಗಲಿಲ್ಲ.

ಎಲೆಗಳು ಹಳದಿಯಾಗುವ ಹೊತ್ತಿಗೆ ಶಬಾನಾಳೇ ಮಾತು ತೆಗೆದಳು. ಆ ಹೆಂಗಸಿನ ಮನೆಗೆ ಹೋಗಿಬರಬೇಕು, ಬರಿಗೈಯಲ್ಲಿ ಅಲ್ಲ. ಕ್ಲೋವರ್ ಕಟಾವಾಗಿ ಜೇನುಪೆಟ್ಟಿಗೆಗಳು ಲಾರಿಯೇರಿ ಹೋಗಿವೆಯೆಂದು ಹೆಲೆನ್ ಫೋನಿನಲ್ಲಿ ಖಾತ್ರಿ ಕೊಟ್ಟ ಮೇಲೆ, ಎರಡೂ ಸಂಸಾರಗಳು ಒಂದೇ ಕಾರಿನಲ್ಲಿ ಹೊರಟೆವು. ಗಿರಮಿಟ್ಟು ಮಾಡಲು ಮಂಡಕ್ಕಿ, ಒಗ್ಗರಣೆ, ಹುಣಸೆಯ ಗೊಜ್ಜು, ಪುಟಾಣಿ ಹಿಟ್ಟು, ಈರುಳ್ಳಿ ಎಲ್ಲವನ್ನೂ ಶಬಾನಾ ಬೇರೆಬೇರೆ ಡಬ್ಬಿಯಲ್ಲಿ ತಂದಿದ್ದಳು. ಕಲಸಿದ ಕೂಡಲೇ ತಿನ್ನದಿದ್ದರೆ ಮಂಡಕ್ಕಿ ಮೆತ್ತಗಾಗುತ್ತದೆ, ಮೆತ್ತಗಾದದ್ದನ್ನು ಕೊಟ್ಟರೆ ಗದಗಿನ ಮಾನ ಹೋಗುತ್ತದೆ.

ಹಾಗಾಗಿ ಹೋದವಳೇ ಹೆಲೆನ್‌ಳ ಅಡುಗೆಮನೆ ಸೇರಿ ಸಿಂಕಿನ ಪಕ್ಕ ನಿಂತು ಕಲಸತೊಡಗಿದಳು. ನಾವೆಲ್ಲ ಅಲ್ಲೇ ಮೇಜಿನ ಸುತ್ತ ಕುಳಿತೆವು. ಧನ್ಯವಾದವನ್ನು ಹೇಗೆ ಹೇಳಬೇಕೆಂದು ಇಮ್ತಿಯಾಜ್ ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದ. ಎದುರಿಗೆ ಬಂದಾಗ ಮಾತು ಅರ್ಧದಲ್ಲೇ ಮುರಿಯಿತು. ಹೆಲೆನ್ ಅದಕ್ಕೆ ಕಿವಿಗೊಡಲೂ ಇಲ್ಲ.

“ನಾನೇನು ಮಾಡಿದೆ? ನೀವಿಬ್ಬರೂ ಪ್ರತಿ ಶನಿವಾರ ಈ ಕಿಟಕಿಯ ಎಡಗಡೆಯಿಂದ ಬಲಗಡೆಗೆ ಹೋಗುತ್ತೀರಿ, ಕಿತ್ತಳೆ ಮುಂದೆ, ಹಳದಿ ಹಿಂದೆ. ನಾನು ಪಾತ್ರೆ ತೊಳೆಯುವ ಹೊತ್ತು ಅದು. ಆ ದಿನ ನಡುವೆಯೇ ನಿಂತಿರಿ. ಒಂದು ಚುಕ್ಕಿ ಮಲಗಿತು. ಬಂದೆ” ಎಂದಳು. ಆಮೇಲೆ ನನ್ನನ್ನು ನೋಡಿ, “ಹಳದಿ ನೀನೇ ಅಲ್ಲವೆ? ನೀನು ಬಹಳ ಗೂನಾಗಿ ಕೂರುತ್ತೀಯ” ಎಂದು ಸೇರಿಸಿದಳು.

ಶಬಾನಾಳ ಕೈ ನಿಂತಿತು. ಕಿಟಕಿಯಿಂದ ಹೊರಗೆ ನೋಡಿದಳು. ನಾನೂ ಎದ್ದು ಅವಳ ಹಿಂದೆ ನಿಂತೆ. ಕಟಾವಾದ ಹೊಲದಾಚೆ ಆ ರಸ್ತೆ ಆದಿಯಿಂದ ಅಂತ್ಯದವರೆಗೆ ಒಂದು ಗೆರೆಯಾಗಿ ಬಿದ್ದಿತ್ತು. ಹಾಲಿನ ಟ್ಯಾಂಕರೊಂದು ಒಂದು ತುದಿಯಲ್ಲಿ ಹುಟ್ಟಿ, ಇಡೀ ಕಿಟಕಿಯನ್ನು ದಾಟಿ, ಇನ್ನೊಂದು ತುದಿಯಲ್ಲಿ ಕರಗುವವರೆಗೂ ಮರೆಯಾಗಲಿಲ್ಲ. ಚಾಮುಂಡಿ ಬೆಟ್ಟದಲ್ಲಿ ಬಿದ್ದಿದ್ದರೆ ಮುಂದಿನ ತಿರುವಿನವನಿಗೂ ನಾವು ಕಾಣುತ್ತಿರಲಿಲ್ಲ. ನಾನು ಯಾರೂ ಇಲ್ಲದ ಬಯಲೆಂದು ತಿಳಿದು ಹಾಡಿದ್ದೆ, ಬೈದಿದ್ದೆ, ಮ್ಯಾಗ್‌ಪೈಗೆ ಕೈಮುಗಿದಿದ್ದೆ. ಅಷ್ಟೂ ದಿನ ನಮ್ಮ ಹೋಗುವಿಕೆ ಯಾರದೋ ಶನಿವಾರದ ಒಂದು ಭಾಗವಾಗಿತ್ತು. ಅಪರಿಚಿತರ ನೋಟದಲ್ಲಿ ನಾವು ಇಷ್ಟು ಜೋಪಾನವಾಗಿರುತ್ತೇವೆಂದು ತಿಳಿಯುವುದಕ್ಕೆ ಜೇನು ಕಚ್ಚಬೇಕಾಯಿತು.

ಶಬಾನಾ ಬಹಳ ಹೊತ್ತು ನೋಡಿದಳು. ಮಂಡಕ್ಕಿ ಮೆತ್ತಗಾಗುತ್ತಿರುವುದನ್ನು ನೆನಪಿಸುವ ಧೈರ್ಯ ಯಾರಿಗೂ ಇರಲಿಲ್ಲ. ಆಮೇಲೆ ತಿರುಗದೆಯೇ, “ಈ ರಸ್ತಾದಾಗ ಆದ್ರ ಹೋಗ್ರಿ” ಎಂದಳು. “ಹೂವಿನ ಕಾಲದಾಗ ಅಲ್ಲ. ಕಿಸೇದಾಗ ಆ ಇಂಜೆಕ್ಷನ್ ಎರಡು ಇರಬೇಕು.”

ಇಮ್ತಿಯಾಜ್ ನನ್ನ ಮುಖ ನೋಡಿದ. ಹೆಲೆನ್‌ಗೆ ಮಾತು ಅರ್ಥವಾಗಲಿಲ್ಲ, ಆದರೆ ಏನೋ ತೀರ್ಮಾನವಾಯಿತೆಂದು ತಿಳಿಯಿತು. ಕೆಟಲ್ ಹಾಕಲು ಎದ್ದಳು. ಗಿರಮಿಟ್ಟು ತುಸು ಮೆತ್ತಗೇ ಆಗಿತ್ತು. ಹೆಲೆನ್ ಎರಡು ಸಲ ಹಾಕಿಸಿಕೊಂಡಳು. ಜೊತೆಗೆ ಕೊಟ್ಟ ಹಸಿಮೆಣಸಿನಕಾಯಿಯನ್ನು ಬೀನ್ಸೆಂದು ಕಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡು, ಚೆನ್ನಾಗಿದೆ ಎಂದಳು.

ಚಳಿಗಾಲದ ಮೊದಲ ಒಳ್ಳೆಯ ಶನಿವಾರ ನಾವು ಮತ್ತೆ ಹೊರಟೆವು. ಬೇಲಿಯ ತಂತಿಗಳ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು, ಬೆಟ್ಟಗಳು ಬುಡದವರೆಗೂ ಬೆಳ್ಳಗಿದ್ದವು. ಇಮ್ತಿಯಾಜನ ಬೆನ್ನು ಮುಂದೆ, ನಾನು ಅದರ ಆಶ್ರಯದಲ್ಲಿ ಹಿಂದೆ. ಎರಡನೆಯ ಗಾಳಿ ರಸ್ತೆಗೆ ತಿರುಗಿದೆವು. ದೂರದಲ್ಲಿ ಆ ಮನೆ ಒಂದು ಬೆಂಕಿಪೊಟ್ಟಣದಷ್ಟಿತ್ತು. ಕಿಟಕಿಯ ಗಾಜಿಗೆ ಬಿಸಿಲು ಬಿದ್ದು ಹೊಳೆಯುತ್ತಿದ್ದುದರಿಂದ ಒಳಗೆ ಯಾರಿದ್ದಾರೆಂದು, ಇದ್ದಾರೋ ಇಲ್ಲವೋ ಎಂದೂ, ತಿಳಿಯುವಂತಿರಲಿಲ್ಲ. ಆದರೂ ಮುಂದಿದ್ದ ಬೆನ್ನು ನೆಟ್ಟಗಾಯಿತು. ಹಿಂದೆ ನಾನೂ ಗೂನು ಬಿಟ್ಟು, ಹೊಟ್ಟೆಯನ್ನು ಒಳಗೆಳೆದುಕೊಂಡು, ಎಡಗಡೆಯಿಂದ ಬಲಗಡೆಗೆ, ಆ ಹೊಲ ಮುಗಿಯುವವರೆಗೂ ಸೊಗಸಾಗಿ ತುಳಿದೆ.